ದುರ್ಯೋಧನ ಸೋಲುವುದು ಗೊತ್ತಿದ್ದೂ

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ಹೋದವರು ಸಾಮಾನ್ಯವಾಗಿ ನೇರ ಒಳಗೆ ನಡೆದುಬಿಡುತ್ತಾರೆ. ಕೈಮುಗಿದು, ನವರಂಗದ ಕಂಬಗಳನ್ನು ನೋಡಿ, ಫೋಟೋ ತೆಗೆದುಕೊಂಡು ಕೆ.ಆರ್.ಪೇಟೆ ಬಸ್ಸು ಹಿಡಿಯುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಹೊರಗೆ ಜಗತಿಯ ಮೇಲೆ ಒಂದು ಸುತ್ತು ಬನ್ನಿ. 13ನೇ ಶತಮಾನದ ನಡುಭಾಗದಲ್ಲಿ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಎದ್ದ, ಮೂರು ಗುಡಿಗಳ ಈ ತ್ರಿಕೂಟದ ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳಿವೆ. ತಳದಲ್ಲಿ ಆನೆ, ಅದರ ಮೇಲೆ ಕುದುರೆ, ಆಮೇಲೆ ಬಳ್ಳಿ. ಮೇಲ್ಗಡೆ ಮಕರ, ಹಂಸ. ನಡುವೆ ಒಂದು ಪಟ್ಟಿಕೆ ಪೂರ್ತಿ ಕಥೆಗೆ ಮೀಸಲು. ದಕ್ಷಿಣದ ಗುಡಿಯ ಕಡೆಯಿಂದ ರಾಮಾಯಣ ಶುರುವಾಗುತ್ತದೆ, ಉತ್ತರದ ಗುಡಿಯ ಕಡೆಯಿಂದ ಮಹಾಭಾರತ. ಭಾರತದ ಭಾಗದಲ್ಲಿ ಶಿಲ್ಪಿಗೆ ಯುದ್ಧದ ಮೇಲೇ ಕಣ್ಣು. ದೊಡ್ಡ ದೊಡ್ಡ ವೀರರು ಒಬ್ಬೊಬ್ಬರಾಗಿ ಬೀಳುವುದನ್ನು ಗೇಣುದ್ದದ ಕಲ್ಲಿನಲ್ಲಿ ಕಡೆದಿಟ್ಟಿದ್ದಾನೆ.

ಈ ಕಥೆಯ ಕೊನೆಯನ್ನು ಯಾರೂ ಬದಲಿಸಲಾರರು. ಸುತ್ತು ಬರುವವನ ಕೈಯಲ್ಲಿ ಇರುವುದು ಎಲ್ಲಿ ನಿಲ್ಲಬೇಕು, ಯಾರನ್ನು ನೋಡಬೇಕು ಎಂಬುದಷ್ಟೇ. ಅಷ್ಟು ಸಾಕೇ? ಇದೇ ಪ್ರಶ್ನೆಯನ್ನು ಇವತ್ತು ವಿಡಿಯೋ ಗೇಮ್ ಆಡುವ ಹುಡುಗ ಹುಡುಗಿಯರು ಬಹಳ ಗಂಭೀರವಾಗಿ ಕೇಳುತ್ತಿದ್ದಾರೆ. ಅವರ ಪ್ರಶ್ನೆಗೆ ನಮ್ಮ ಮಂಡ್ಯ ಸೀಮೆಯ ನಾಟಕದ ರಂಗದ ಮೇಲೂ ಕರಾವಳಿಯ ತಾಳಮದ್ದಳೆಯಲ್ಲೂ ತುಂಬ ಹಳೆಯ ಉತ್ತರಗಳಿವೆ ಎಂದು ನನಗೆ ಅನ್ನಿಸುತ್ತದೆ.

ಗೇಮ್ ಎಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದಷ್ಟೇ ತಿಳಿದವರಿಗೆ ಎರಡು ಮಾತು. ಕಾದಂಬರಿಯಂತೆ ಇಪ್ಪತ್ತು, ಐವತ್ತು, ನೂರು ಗಂಟೆ ಓಡುವ ಕಥೆಯ ಆಟಗಳು ಈಗ ದೊಡ್ಡ ಉದ್ಯಮ. ಇವುಗಳಲ್ಲಿ ಆಟಗಾರ ಕಥಾನಾಯಕನಾಗಿ ನಡೆಯುತ್ತಾನೆ. ನಡುನಡುವೆ ಕಥೆ ನಿಂತು ಅವನನ್ನು ಕೇಳುತ್ತದೆ: ಶತ್ರುವನ್ನು ಕೊಲ್ಲುತ್ತೀಯೋ, ಬಿಡುತ್ತೀಯೋ? ಇಬ್ಬರಲ್ಲಿ ಒಬ್ಬನನ್ನು ಮಾತ್ರ ಉಳಿಸಬಹುದು, ಯಾರನ್ನು ಉಳಿಸುತ್ತೀಯ? ನಿಜ ಹೇಳುತ್ತೀಯೋ, ಮುಚ್ಚಿಡುತ್ತೀಯೋ? ಉತ್ತರ ಕೊಟ್ಟ ಮೇಲೆ ಕಥೆ ಮುಂದುವರಿಯುತ್ತದೆ. ಕೊಟ್ಟ ಉತ್ತರಗಳಿಗೆ ಕೊನೆಯಲ್ಲಿ ಬೆಲೆ ಸಿಕ್ಕಿತೇ ಇಲ್ಲವೇ ಎಂಬುದರ ಮೇಲೆ ದೊಡ್ಡ ಜಗಳಗಳೇ ಆಗಿಹೋಗಿವೆ. (ಮುಂದೆ ಕೆಲವು ಆಟಗಳ ಕೊನೆಯನ್ನು ಹೇಳದೆ ವಿಧಿಯಿಲ್ಲ. ಆಡಬೇಕು ಎಂದುಕೊಂಡಿರುವವರು ಕ್ಷಮಿಸಬೇಕು.)

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು 2012ರಲ್ಲಿ. ಕೆನಡಾದ ಬಯೋವೇರ್ ಸಂಸ್ಥೆಯ ‘ಮಾಸ್ ಎಫೆಕ್ಟ್’ ಮೂರು ಭಾಗಗಳ ಬಾಹ್ಯಾಕಾಶದ ಕಥೆ. 2007ರಲ್ಲಿ ಮೊದಲ ಭಾಗ, 2010ರಲ್ಲಿ ಎರಡನೆಯದು, 2012ರ ಮಾರ್ಚ್‌ನಲ್ಲಿ ಮೂರನೆಯದು. ಮೊದಲ ಭಾಗದಲ್ಲಿ ನೀವು ಮಾಡಿದ ತೀರ್ಮಾನಗಳು ಕಡತವಾಗಿ ಉಳಿದು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಸಾಗುತ್ತಿದ್ದವು. ಐದು ವರ್ಷ ಜನ ತಮ್ಮ ತಮ್ಮ ನಾಯಕನನ್ನು ಹೀಗೆ ಸಾಕಿ ಬೆಳೆಸಿದರು. ಎ, ಬಿ, ಸಿ ಎಂದು ಎಣಿಸಿಬಿಡುವಂಥ ಕೊನೆ ಇದರಲ್ಲಿ ಇರುವುದಿಲ್ಲ ಎಂದು ತಯಾರಕರೂ ಬಿಡುಗಡೆಗೆ ಮುಂಚೆ ಹೇಳಿದ್ದರು. ಕೊನೆಗೆ ಬಂದು ನೋಡಿದರೆ ಎದುರಿಗೆ ಮೂರು ದಾರಿ. ಯಾವುದನ್ನು ಹಿಡಿದರೂ ಹೆಚ್ಚುಕಡಿಮೆ ಅದೇ ದೃಶ್ಯ, ಸ್ಫೋಟದ ಬಣ್ಣ ಮಾತ್ರ ಕೆಂಪು, ನೀಲಿ ಅಥವಾ ಹಸಿರು. ಮೊದಲ ಭಾಗದಲ್ಲಿ ಕೊಂದ ರಾಣಿಹುಳುವಿನ ಜಾಗಕ್ಕೆ ಮೂರನೆಯ ಭಾಗದಲ್ಲಿ ಇನ್ನೊಂದು ರಾಣಿ ಬಂದು ಕೂತಿದ್ದಳು. ಕೊಂದವರಿಗೂ ಉಳಿಸಿದವರಿಗೂ ಕಥೆ ಹೆಚ್ಚುಕಡಿಮೆ ಒಂದೇ.

ಅಭಿಮಾನಿಗಳು ಸಿಟ್ಟಾದರು. ಅವರಲ್ಲೊಬ್ಬ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟ. ಕೆಲವರು ಚಂದಾ ಎತ್ತಿ ಬಯೋವೇರ್ ಕಚೇರಿಗೆ 402 ಕಪ್‌ಕೇಕ್ ಕಳಿಸಿದರು. ಮೇಲಿನ ಬಣ್ಣ ಕೆಂಪು, ನೀಲಿ, ಹಸಿರು. ರುಚಿ ಎಲ್ಲದರದ್ದೂ ಒಂದೇ. ಅದೇ ವರ್ಷ ಜೂನ್‌ನಲ್ಲಿ ಸಂಸ್ಥೆ ಕೊನೆಯನ್ನು ಹಿಗ್ಗಿಸಿ ಉಚಿತವಾಗಿ ಮತ್ತೆ ಕೊಟ್ಟಿತು. ನಾನು ಆ ಅಭಿಮಾನಿಗಳ ಕಡೆಯವನು. ನೀನು ಹೇಳಿದ ಹಾಗೆ ಆಗುತ್ತದೆ ಎಂದು ಮಾತು ಕೊಟ್ಟು ಕರೆತಂದವರು ಆ ಮಾತನ್ನು ನಡೆಸಬೇಕು.

ಆದರೆ ಆ ಮಾತನ್ನು ನಡೆಸುವುದು ಎಷ್ಟು ಕಷ್ಟ ಎಂಬುದನ್ನೂ ನೋಡಬೇಕು. ಹೌದು ಅಥವಾ ಇಲ್ಲ ಎಂಬ ಒಂದು ಪ್ರಶ್ನೆಯಿಂದ ಎರಡು ದಾರಿ ಹುಟ್ಟುತ್ತದೆ. ಎರಡನೆಯ ಪ್ರಶ್ನೆಗೆ ನಾಲ್ಕು, ಮೂರನೆಯದಕ್ಕೆ ಎಂಟು. ಹತ್ತು ಪ್ರಶ್ನೆ ಮುಗಿಯುವಷ್ಟರಲ್ಲಿ 1024. ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ಬರೆಯುವ ಕಾದಂಬರಿಯಲ್ಲೇ ಇದು ಆಗದ ಕೆಲಸ. ಆಟದಲ್ಲಿ ಪ್ರತಿ ದಾರಿಗೂ ಚಿತ್ರ ಬಿಡಿಸಬೇಕು, ನಟರಿಂದ ದನಿ ತೆಗೆಸಬೇಕು, ಸಂಗೀತ ಕೂರಿಸಬೇಕು, ತಪ್ಪು ಹುಡುಕಿ ಸರಿಮಾಡಬೇಕು. ಹೆಚ್ಚಿನ ಆಟಗಾರರು ಕಾಣದೇ ಹೋಗುವ ದೃಶ್ಯಕ್ಕೆ ಕೋಟಿಗಟ್ಟಲೆ ದುಡ್ಡು ಸುರಿಯಲು ಯಾವ ಸಂಸ್ಥೆಯೂ ಒಪ್ಪುವುದಿಲ್ಲ.

ಅದಕ್ಕೇ ಬರಹಗಾರರು ಒಂದು ಉಪಾಯ ಹಿಡಿಯುತ್ತಾರೆ. ಶ್ರೀರಂಗಪಟ್ಟಣದ ನಕ್ಷೆ ತೆರೆದು ನೋಡಿದರೆ ಅದು ಒಮ್ಮೆಗೇ ತಿಳಿಯುತ್ತದೆ. ಊರಿನ ಪಶ್ಚಿಮಕ್ಕೆ ಕಾವೇರಿ ಎರಡಾಗಿ ಒಡೆಯುತ್ತಾಳೆ, ದ್ವೀಪವನ್ನು ಎರಡೂ ಕಡೆ ಬಳಸಿಕೊಂಡು ಹರಿದು ಗುಂಬಜ್‌ನ ಆಚೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಉತ್ತರದ ಕವಲು ಹಿಡಿದರೂ ದಕ್ಷಿಣದ ಕವಲು ಹಿಡಿದರೂ ಮುಟ್ಟುವುದು ಅದೇ ಸಂಗಮ. ದಡದ ಊರು, ಬಂಡೆ, ಸೆಳವು ಮಾತ್ರ ಬೇರೆ. ಕಥೆಯ ಆಟಗಳಲ್ಲಿ ಬಹುಪಾಲು ಹೀಗೇ ಕಟ್ಟಿದವು. ಕವಲು ಬಿಡುತ್ತವೆ, ಮುಖ್ಯ ಘಟನೆಯ ಹತ್ತಿರ ಕೂಡಿಕೊಳ್ಳುತ್ತವೆ. ನೀವು ಬಂದ ದಾರಿಯ ಒಂದು ಗುರುತು ಆಟದ ನೆನಪಿನಲ್ಲಿ ಉಳಿಯುತ್ತದೆ. ಮುಂದೆ ಯಾವುದೋ ಸಂಭಾಷಣೆಯಲ್ಲಿ ಒಂದು ಸಾಲು, ಯಾರದೋ ಮುಖದಲ್ಲಿ ಒಂದು ಭಾವ ಆ ಗುರುತಿನಿಂದ ಬದಲಾಗುತ್ತದೆ. 2012ರಲ್ಲೇ ಬಂದ ‘ದಿ ವಾಕಿಂಗ್ ಡೆಡ್’ ಆಟದಲ್ಲಿ ಪುಟ್ಟ ಹುಡುಗಿ ಕ್ಲೆಮೆಂಟೈನ್ ಎದುರು ನೀವು ಏನಾದರೂ ಮಾಡಿದರೆ, ಅವಳು ಇದನ್ನು ನೆನಪಿಟ್ಟುಕೊಳ್ಳುತ್ತಾಳೆ ಎಂದು ಪರದೆಯ ಮೂಲೆಯಲ್ಲಿ ಅಕ್ಷರ ಮೂಡುತ್ತಿತ್ತು. ಅವಳನ್ನು ಕಾಯುವ ಲೀ ಎಂಬಾತನಿಗೆ ಕೊನೆಯಲ್ಲಿ ಸಾವು ಖಂಡಿತ. ಆಟಗಾರ ಎಷ್ಟೇ ಜಾಣನಾಗಲಿ, ಒಳ್ಳೆಯವನಾಗಲಿ, ಲೀ ಉಳಿಯುವುದಿಲ್ಲ. ಆಯ್ಕೆಗೆ ಬೆಲೆ ಎಲ್ಲಿ ಬಂತು ಎಂದು ಆಗಲೂ ಅನೇಕರು ಕೇಳಿದರು. ಆದರೆ ಆಡಿದವರಲ್ಲಿ ಅತ್ತವರೇ ಜಾಸ್ತಿ.

ಯಾಕೆ ಅತ್ತರು? ಇದಕ್ಕೆ ಉತ್ತರ ನಮ್ಮ ಸೀಮೆಯ ಹಳ್ಳಿಗಳಲ್ಲಿದೆ.

ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರದ ಕಡೆ ಸುಗ್ಗಿ ಮುಗಿದ ಮೇಲೆ ಊರ ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಕಟ್ಟದ ಹಳ್ಳಿ ಅಪರೂಪ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ಪಾತ್ರಕ್ಕೆ ಇಷ್ಟು ಎಂದು ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾರೆ. ಕೃಷ್ಣನಿಗೂ ದುರ್ಯೋಧನನಿಗೂ ದರ ಹೆಚ್ಚು. ಕಬ್ಬು ಕಡಿಸಿ ಬಂದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು ದುರ್ಯೋಧನನ ಪಾತ್ರ ಕೊಳ್ಳುವ ರೈತನಿಗೆ ಬೆಳಗಿನ ಜಾವಕ್ಕೆ ತನ್ನ ತೊಡೆ ಮುರಿಯುತ್ತದೆ ಎಂಬುದು ಗೊತ್ತಿಲ್ಲವೇ? ಎದುರು ಚಾಪೆ ಹಾಸಿಕೊಂಡು ಕೂತ ಅವನ ಅಜ್ಜಿಗೂ ಗೊತ್ತು, ಮಗುವಿಗೂ ಗೊತ್ತು. ಗೆಲ್ಲುವ ಭೀಮನ ಪಾತ್ರ ಕಡಿಮೆ ದುಡ್ಡಿಗೆ ಸಿಗುವಾಗಲೂ ಅವನು ಸೋಲುವವನನ್ನೇ ಆರಿಸುತ್ತಾನೆ.

ಆ ರಾತ್ರಿಯ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಿ. ಕೃಷ್ಣ ಸಂಧಾನಕ್ಕೆ ಬಂದಿದ್ದಾನೆ. ಐದು ಗ್ರಾಮ ಕೊಡು ಎನ್ನುತ್ತಾನೆ. ದುರ್ಯೋಧನ ಪಾತ್ರಧಾರಿ ಸಿಂಹಾಸನದಿಂದ ಏಳುತ್ತಾನೆ. ಇಲ್ಲ ಎನ್ನಲೇಬೇಕು, ಅದು ಅವನ ಕೈಯಲ್ಲಿಲ್ಲ. ಹೇಗೆ ಇಲ್ಲ ಎನ್ನುತ್ತಾನೆ ಎಂಬುದು ಪೂರ್ತಿ ಅವನ ಕೈಯಲ್ಲಿದೆ. ಒಬ್ಬ ಮೀಸೆ ತಿರುವಿ ಅಬ್ಬರಿಸುತ್ತಾನೆ. ಇನ್ನೊಬ್ಬ ಕಿರೀಟ ಸರಿಮಾಡಿಕೊಂಡು, ದನಿ ತಗ್ಗಿಸಿ, ಅಪ್ಪನ ಕುರುಡುಗಣ್ಣಿನ ಕಡೆ ಒಮ್ಮೆ ನೋಡಿ ಇಲ್ಲ ಎನ್ನುತ್ತಾನೆ. ಮೊದಲನೆಯವನು ಸತ್ತಾಗ ಜನ ಚಪ್ಪಾಳೆ ತಟ್ಟುತ್ತಾರೆ. ಎರಡನೆಯವನು ಸತ್ತಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ತೊಡೆ ಇಬ್ಬರದ್ದೂ ಮುರಿಯಿತು. ಇಬ್ಬರ ಸಾವೂ ಒಂದೇ ಎಂದು ಆ ಚಾಪೆಯ ಮೇಲೆ ಕೂತ ಯಾರನ್ನಾದರೂ ಒಪ್ಪಿಸಿ ನೋಡಿ.

ಕರಾವಳಿಯ ತಾಳಮದ್ದಳೆ ಇದನ್ನೇ ಒಂದು ಶಾಸ್ತ್ರದ ಮಟ್ಟಕ್ಕೆ ಒಯ್ದಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಬರೆದಿಟ್ಟದ್ದು, ಅದನ್ನು ಮೀರುವಂತಿಲ್ಲ. ಮಾತು ಆ ಕ್ಷಣಕ್ಕೆ ಹುಟ್ಟಿದ್ದು, ಅದಕ್ಕೆ ಕಟ್ಟಿಲ್ಲ. ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದು ಬಂದಿರುವ ರಾಮಾಯಣದ ಪ್ರಸಂಗಗಳಲ್ಲಿ ವಾಲಿಯ ವಧೆಯ ಸಂದರ್ಭವನ್ನು ತೆಗೆದುಕೊಳ್ಳಿ. ಬಾಣ ನಾಟಿ ಬಿದ್ದಿರುವ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನಿನಗೂ ನನಗೂ ಏನು ವೈರ? ಸೀತೆಯನ್ನು ತರಬೇಕಾಗಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ರಾಮ ಉತ್ತರ ಕೊಡಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ತಪ್ಪಲ್ಲವೇ ಎನ್ನುತ್ತಾನೆ. ವಾಲಿ ಅದಕ್ಕೂ ಪ್ರಶ್ನೆ ಹಾಕುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳಲು ಕೂತರೆ ಎದುರಿನವರ ಬುದ್ಧಿಯೆಲ್ಲ ಪಣಕ್ಕೆ ಬೀಳುತ್ತಿತ್ತು. ಕೆಲವು ರಾತ್ರಿ ವಾಲಿಯದೇ ಸರಿ ಎಂದು ಸಭೆಗೆ ಅನ್ನಿಸಿಬಿಡುತ್ತದೆ. ಆದರೂ ಮುಂದಿನ ಪದ್ಯಕ್ಕೆ ವಾಲಿ ಪ್ರಾಣ ಬಿಡಬೇಕು. ಬಿಡುತ್ತಾನೆ. ರಾಮನಿಗೆ ಶರಣಾಗಿ ಬಿಡುತ್ತಾನೋ, ವಾದದಲ್ಲಿ ಸೋಲದೆ ಮಗ ಅಂಗದನ ಮುಖ ನೋಡಿ ಸುಮ್ಮನಾಗಿ ಬಿಡುತ್ತಾನೋ, ಅದು ಆ ರಾತ್ರಿಯ ಅರ್ಥಧಾರಿಯ ತೀರ್ಮಾನ. ಅದನ್ನು ಕೇಳಲಿಕ್ಕೇ ಜನ ಅದೇ ಪ್ರಸಂಗಕ್ಕೆ ಜೀವಮಾನವಿಡೀ ಹೋಗುತ್ತಾರೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ‘ರೆಡ್ ಡೆಡ್ ರಿಡೆಂಪ್ಷನ್ 2’ ಆಟವನ್ನು ನೋಡಿ. 2018ರ ಅಕ್ಟೋಬರ್‌ನಲ್ಲಿ ಬಂದದ್ದು. ಇದನ್ನು ಮಾಡಿದ ರಾಕ್‌ಸ್ಟಾರ್ ಸಂಸ್ಥೆಗೆ 2016ರಿಂದ ಬೆಂಗಳೂರಿನಲ್ಲೂ ಒಂದು ಕೇಂದ್ರವಿದೆ. ಈ ಆಟದಲ್ಲಿ ಅಲ್ಲಿಯವರ ಕೆಲಸವೂ ಸೇರಿದೆ. 1997ರಲ್ಲೇ ಬೆಂಗಳೂರಿನಲ್ಲಿ ಶುರುವಾಗಿ ಈ ದೇಶದ ಗೇಮ್ ಉದ್ಯಮಕ್ಕೆ ದಾರಿ ಮಾಡಿಕೊಟ್ಟ ಧ್ರುವ ಇಂಟರ್ಯಾಕ್ಟಿವ್ ಕೂಡ 2019ರಲ್ಲಿ ರಾಕ್‌ಸ್ಟಾರ್ ಪಾಲಾಯಿತು. ಆಟದ ಕಥೆ 1899ರ ಅಮೆರಿಕದ್ದು, ಆರ್ಥರ್ ಮಾರ್ಗನ್ ಎಂಬ ದರೋಡೆಕಾರನದು. ಕಥೆಯ ಆರಂಭದ ಹೊತ್ತಿನಲ್ಲೇ ಅವನು ಸಾಲ ವಸೂಲಿಗೆಂದು ಒಬ್ಬ ಬಡವನ ಮನೆಗೆ ಹೋಗಿ ಅವನನ್ನು ಹೊಡೆಯುತ್ತಾನೆ. ಬಡವ ಕ್ಷಯರೋಗಿ. ಅವನು ಕೆಮ್ಮಿದ ರಕ್ತ ಆರ್ಥರ್‌ನ ಮುಖಕ್ಕೆ ಸಿಡಿಯುತ್ತದೆ. ಈ ಪ್ರಸಂಗವನ್ನು ಆಟಗಾರ ತಪ್ಪಿಸಿಕೊಳ್ಳುವಂತಿಲ್ಲ. ಹತ್ತಾರು ಗಂಟೆಯ ಮೇಲೆ ಆರ್ಥರ್ ಕೆಮ್ಮಲು ಶುರುಮಾಡುತ್ತಾನೆ, ವೈದ್ಯರು ಕ್ಷಯ ಎನ್ನುತ್ತಾರೆ. ಅಲ್ಲಿಂದ ಮುಂದೆ ಅವನು ಸಾಯುವುದು ಖಚಿತ. ಯಾವ ಆಯ್ಕೆಯೂ ಅವನನ್ನು ಉಳಿಸುವುದಿಲ್ಲ.

ಆದರೆ ಆಟ ಮೊದಲಿನಿಂದಲೂ ಒಂದು ಲೆಕ್ಕ ಇಟ್ಟಿರುತ್ತದೆ. ದಾರಿಯಲ್ಲಿ ಹಾವು ಕಚ್ಚಿ ಬಿದ್ದವನಿಗೆ ಔಷಧಿ ಕೊಟ್ಟೆಯೋ, ಜೇಬು ತಡಕಿದೆಯೋ? ಎದುರಾದವನಿಗೆ ನಮಸ್ಕಾರ ಹೇಳಿದೆಯೋ, ಗುಂಡು ಹಾರಿಸಿದೆಯೋ? ಈ ಲೆಕ್ಕ ಒಳ್ಳೆಯದರ ಕಡೆ ವಾಲಿದ್ದು, ಕೊನೆಯ ಗಳಿಗೆಯಲ್ಲಿ ಆರ್ಥರ್ ಗೆಳೆಯ ಜಾನ್‌ನನ್ನು ಪಾರುಮಾಡಲು ನಿಂತರೆ, ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡುತ್ತಾ ರೋಗದಿಂದ ಪ್ರಾಣ ಬಿಡುತ್ತಾನೆ. ಕೆಟ್ಟದರ ಕಡೆ ವಾಲಿದ್ದರೆ ದ್ರೋಹಿ ಮೈಕಾನ ಗುಂಡಿಗೆ ಬಲಿಯಾಗುತ್ತಾನೆ. ಗೆಳೆಯನನ್ನು ಬಿಟ್ಟು ಹಣದ ಹಿಂದೆ ಹೋದರೆ ಅದೇ ಮೈಕಾನ ಚೂರಿ. ಕಥೆಯ ಘಟನೆ ಒಂದೇ: ಆರ್ಥರ್ ಸತ್ತ. ಯಾವ ಆರ್ಥರ್ ಸತ್ತ ಎಂಬುದನ್ನು ಮಾತ್ರ ಆಟಗಾರ ಬರೆದ. ಕುರುಕ್ಷೇತ್ರದ ದುರ್ಯೋಧನನ ಪಾತ್ರಧಾರಿಗೆ ಇರುವ ಸ್ವಾತಂತ್ರ್ಯ ಎಷ್ಟೋ ಅಷ್ಟೇ ಇದು. ಅದು ಸಣ್ಣದಲ್ಲ.

ಇನ್ನೊಂದು ಆಟ ಇದಕ್ಕಿಂತಲೂ ಆಳಕ್ಕೆ ಹೋಗುತ್ತದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ತಂದ ‘ದಿ ವಿಚರ್ 3’. ಗೆರಾಲ್ಟ್ ಎಂಬ ಬೇಟೆಗಾರ, ಅವನು ಸಾಕಿದ ಮಗಳು ಸಿರಿ. ಕೊನೆಯಲ್ಲಿ ಸಿರಿ ಬದುಕಿ ಬರುತ್ತಾಳೋ ಇಲ್ಲವೋ ಎಂಬುದು ನಿಂತಿರುವುದು ದೊಡ್ಡ ಯುದ್ಧಗಳ ಮೇಲೆ ಅಲ್ಲವೇ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಸಿರಿಯನ್ನು ಬೆಳೆಸಿದ ಮುದುಕ ವೆಸೆಮಿರ್ ಸತ್ತಿದ್ದಾನೆ. ಹಿಮ ಬಿದ್ದಿದೆ. ಅವಳು ತನ್ನಿಂದಲೇ ಹೀಗಾಯಿತು ಎಂದು ಕುಗ್ಗಿ ಕೂತಿದ್ದಾಳೆ. ಆಟಗಾರನ ಎದುರು ಎರಡು ಸಾಲು ಮೂಡುತ್ತವೆ. ಎಲ್ಲದರಲ್ಲೂ ನೀನೇ ನಿಪುಣಳಾಗಬೇಕಿಲ್ಲ, ಬಿಡು ಎಂದು ಸಮಾಧಾನ ಹೇಳಿ ಅವಳ ಜೊತೆ ಕುಡಿಯಲು ಕೂರಬಹುದು. ಅಥವಾ ಹೊರಗೆ ಕರೆದುಕೊಂಡು ಹೋಗಿ ಹಿಮದ ಉಂಡೆ ಎಸೆದು ಆಡಬಹುದು. ಎರಡೂ ಪ್ರೀತಿಯಂತೆಯೇ ಕಾಣುತ್ತವೆ. ಇದು ದೊಡ್ಡ ತೀರ್ಮಾನ ಎಂಬ ಸುಳಿವು ಎಲ್ಲೂ ಇಲ್ಲ. ಮುಂದೆ ಮಾಂತ್ರಿಕರ ಸಭೆಗೆ ಅವಳೊಬ್ಬಳನ್ನೇ ಕಳಿಸುತ್ತೀರೋ, ಜೊತೆಗೆ ಹೋಗಿ ಅವಳ ಪರವಾಗಿ ಮಾತಾಡುತ್ತೀರೋ? ಸಿಟ್ಟು ಬಂದು ಸಾಮಾನು ಒಡೆಯಹೊರಟವಳನ್ನು ತಡೆಯುತ್ತೀರೋ, ಒಡೆಯಲಿ ಬಿಡುತ್ತೀರೋ? ಇಂಥ ನಾಲ್ಕೈದು ಗಳಿಗೆಗಳು ಕೂಡಿ ಅವಳ ವಿಧಿಯಾಗುತ್ತದೆ. ತನ್ನ ಮೇಲೆ ನಂಬಿಕೆ ಬಂದ ಸಿರಿ ಕೊನೆಯ ಗಂಡಾಂತರದಿಂದ ಎದ್ದು ಬರುತ್ತಾಳೆ. ಸದಾ ಕೈಹಿಡಿದು ನಡೆಸಿಕೊಂಡ ಸಿರಿ ಬರುವುದಿಲ್ಲ.

ಮಕ್ಕಳನ್ನು ಬೆಳೆಸಿದ ಯಾರಿಗಾದರೂ ಇದರ ಸತ್ಯ ತಾಕುತ್ತದೆ. ಮಗನ ಕಾಲೇಜು, ಮಗಳ ಮದುವೆ ಎಂಬ ದೊಡ್ಡ ತೀರ್ಮಾನಗಳ ಹೊತ್ತಿಗೆ ನಾವು ಬಹಳ ಯೋಚಿಸುತ್ತೇವೆ. ಅವರು ಏನಾಗುತ್ತಾರೆ ಎಂಬುದು ಅಷ್ಟರಲ್ಲಿ ಯಾವುದೋ ಮಂಗಳವಾರದ ಸಂಜೆ ನಿರ್ಧಾರವಾಗಿಹೋಗಿರುತ್ತದೆ. ಕಥೆಯ ಆಟಗಳಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕವಾದ ಕೊನೆ ಇದು. ಗುಂಡಿ ಒತ್ತಿ ಆರಿಸಿಕೊಳ್ಳುವ ಮೂರು ಬಣ್ಣಕ್ಕಿಂತ ಇದು ಎಷ್ಟೋ ಪಾಲು ಮೇಲು.

ಕೊನೆ ಬದಲಾಗಲೇಬಾರದು ಎಂಬುದು ನನ್ನ ವಾದವಲ್ಲ. ಕನ್ನಡದ ದೊಡ್ಡ ಕವಿಗಳು ಕೊನೆಯನ್ನು ಬದಲಿಸಿಯೇ ಬರೆದವರು. ಪಂಪ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಕೊನೆಯಲ್ಲಿ ಧರ್ಮರಾಯನ ಬದಲು ಅರ್ಜುನನಿಗೆ, ಸುಭದ್ರೆಯ ಜೊತೆಗೆ, ಪಟ್ಟ ಕಟ್ಟಿಸಿದ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ ಕವಿಗೆ ಬೇರೆ ಕೊನೆ ಒಗ್ಗುತ್ತಿರಲಿಲ್ಲ. ಜೈನ ಪರಂಪರೆಯನ್ನು ಹಿಡಿದ ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕುಮಾರವ್ಯಾಸ ಹದಿನೆಂಟು ಪರ್ವದ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ. ಎಲ್ಲಿ ನಿಲ್ಲಿಸಬೇಕು ಎಂಬುದೂ ಒಂದು ಕೊನೆಯೇ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆಗೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಅವರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕ ಸಾಯುವುದಿಲ್ಲ, ರಾಮನ ಅಸ್ತ್ರ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಇದಕ್ಕೆ ಮಾಸ್ತಿ ಆಕ್ಷೇಪ ಎತ್ತಿದರು, ಕುವೆಂಪು ಉತ್ತರ ಕೊಟ್ಟರು. ಕಥೆಯ ಕೊನೆಯನ್ನು ಮುಟ್ಟುವ ಹಕ್ಕು ಯಾರಿಗಿದೆ ಎಂಬ ಜಗಳ ಕನ್ನಡಕ್ಕೆ ಹೊಸದೇನಲ್ಲ.

ಆದರೆ ಇವರೆಲ್ಲ ಕವಿಗಳು. ಕೇಳುಗನಿಗೇ ಕೊನೆಯ ಮೇಲೆ ಹಕ್ಕು ಕೊಟ್ಟದ್ದು, ನನ್ನ ಓದಿನ ಮಟ್ಟಿಗೆ, ಗಿರೀಶ ಕಾರ್ನಾಡರ ‘ನಾಗಮಂಡಲ’. 1988ರ ನಾಟಕ. ಅದರಲ್ಲಿ ಹಾಳು ಗುಡಿಯೊಂದರಲ್ಲಿ ಊರಿನ ದೀಪಗಳ ಜ್ವಾಲೆಗಳು ಸೇರಿವೆ. ಕಥೆ ತಾನೇ ಹೆಣ್ಣಾಗಿ ಬಂದು ರಾಣಿ, ಅವಳ ಗಂಡ ಅಪ್ಪಣ್ಣ ಮತ್ತು ಅವನ ರೂಪದಲ್ಲಿ ಅವಳ ಬಳಿಗೆ ಬರುವ ನಾಗನ ಕಥೆ ಹೇಳುತ್ತದೆ. ಆ ರಾತ್ರಿ ನಿದ್ದೆ ಮಾಡಿದರೆ ಸಾಯುವ ಶಾಪ ಹೊತ್ತ ನಾಟಕಕಾರ ಕೇಳುತ್ತಾ ಕೂತಿದ್ದಾನೆ. ರಾಣಿ ದಿವ್ಯ ಗೆದ್ದಳು, ಗಂಡ ಒಪ್ಪಿಕೊಂಡ, ಎಲ್ಲರೂ ಸುಖವಾಗಿದ್ದರು ಎಂದು ಕಥೆ ಮುಗಿಯುತ್ತದೆ. ಕೇಳಿದವನಿಗೆ ಸಮಾಧಾನವಾಗುವುದಿಲ್ಲ. ಇಬ್ಬರು ಗಂಡಸರ ಸ್ಪರ್ಶ ರಾಣಿಗೆ ಬೇರೆಬೇರೆ ಎಂದು ತಿಳಿಯದೇ ಇದ್ದೀತೇ? ನಾಗ ಸುಮ್ಮನೆ ಹೋಗಿಬಿಟ್ಟಾನೇ? ಆಗ ಕಥೆ ಮುಂದುವರಿದು, ನಾಗ ರಾಣಿಯ ಕೂದಲಿಗೇ ಸುತ್ತಿಕೊಂಡು ಪ್ರಾಣ ಬಿಡುತ್ತದೆ. ಜ್ವಾಲೆಗಳಿಗೆ ಆ ದುಃಖವೂ ಬೇಡ. ಹಾಗಾಗಿ ಮತ್ತೊಂದು ಕೊನೆ ಬರುತ್ತದೆ. ಅದರಲ್ಲಿ ನಾಗ ಬದುಕಿದ್ದು ಅವಳ ಜಡೆಯೊಳಗೇ ಸೇರಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಾರ್ನಾಡರು ಒಂದು ಕೊನೆಯನ್ನು ಅಳಿಸಿ ಇನ್ನೊಂದನ್ನು ತರುವುದಿಲ್ಲ. ಸುಖದ ಕೊನೆಯನ್ನು ಕಂಡ ನೆನಪು ಹೊತ್ತೇ ಸಾವಿನ ಕೊನೆಗೆ ಬರುತ್ತೇವೆ, ಸಾವಿನ ನೆನಪು ಹೊತ್ತೇ ಜಡೆಯ ಕೊನೆಗೆ. ಅದರಿಂದಲೇ ಕೊನೆಯದು ಅಷ್ಟು ತೂಗುತ್ತದೆ. ವಿಡಿಯೋ ಗೇಮ್‌ಗಳು ಇನ್ನೂ ಎಡವುತ್ತಿರುವುದು ಇಲ್ಲೇ. ಆಟಗಾರ ಹಿಂದಿನ ಜಾಗಕ್ಕೆ ಮರಳಿ ಬೇರೆ ಆಯ್ಕೆ ಮಾಡಬಹುದು. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ಯೂಟ್ಯೂಬಿನಲ್ಲಿ ಎಲ್ಲ ಕೊನೆಗಳನ್ನೂ ಸಾಲಾಗಿ ನೋಡಿಬಿಡಬಹುದು. ನೋಡಿದ ಕೊನೆ ಕಥೆಗೆ ಅಂಟಿಕೊಳ್ಳುವುದಿಲ್ಲ. 2015ರಲ್ಲಿ ಟೋಬಿ ಫಾಕ್ಸ್ ಎಂಬ ಯುವಕ ಮಾಡಿದ ‘ಅಂಡರ್‌ಟೇಲ್’ ಇದಕ್ಕೆ ಒಂದು ಅಪವಾದ. ಅದರಲ್ಲಿ ಒಮ್ಮೆ ಎಲ್ಲರನ್ನೂ ಕೊಂದು ಕೊನೆ ಮುಟ್ಟಿದವನು, ಆಮೇಲೆ ಮೊದಲಿನಿಂದ ಆಡಿ ಯಾರನ್ನೂ ಕೊಲ್ಲದೆ ಶಾಂತಿಯ ಕೊನೆ ತಲುಪಿದರೂ ಆ ಹಳೆಯ ಪಾಪದ ಕಲೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಆಟ ಮರೆತಿರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಇದು. ಕಥೆ ಎಷ್ಟು ಕೊನೆಗಳನ್ನು ಇಟ್ಟುಕೊಂಡಿದೆ ಎಂದು ಎಣಿಸುವುದರಿಂದ ಏನೂ ತಿಳಿಯುವುದಿಲ್ಲ. ಒಂದೇ ಕೊನೆಯ ಆಟದಲ್ಲಿ ಆಯ್ಕೆಗೆ ಬೆಲೆ ಇರಬಹುದು, ಹದಿನಾರು ಕೊನೆಯ ಆಟದಲ್ಲಿ ಇಲ್ಲದೇ ಹೋಗಬಹುದು. ಕೇಳಬೇಕಾದ ಪ್ರಶ್ನೆ ಎರಡೇ. ನಾನು ಮಾಡಿದ್ದನ್ನು ಕಥೆ ನೆನಪಿಟ್ಟುಕೊಂಡಿತೇ? ಕೊಟ್ಟ ಮಾತಿಗೆ ತಯಾರಕರು ನಿಂತರೇ? ಆರ್ಥರ್‌ನ ಕಥೆ ಅವನು ಬದುಕುತ್ತಾನೆ ಎಂದು ಎಲ್ಲೂ ಹೇಳಲಿಲ್ಲ, ಆದ್ದರಿಂದ ಅವನು ಸತ್ತಾಗ ಯಾರಿಗೂ ಮೋಸವಾಗಲಿಲ್ಲ. ‘ಮಾಸ್ ಎಫೆಕ್ಟ್’ ಹೇಳಿ ತಪ್ಪಿತು.

ಬೆಂಗಳೂರಿನಲ್ಲಿ ಗೇಮ್ ಕೆಲಸ ಮಾಡುವ ನಮ್ಮ ಹುಡುಗರು ಹುಡುಗಿಯರು ಈಗ ಸಾಕಷ್ಟಿದ್ದಾರೆ. ರಾಜ್ಯ ಸರ್ಕಾರ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ಒಂದು ನೀತಿ ಮಾಡಿತು, 2024ರಲ್ಲಿ ಅದನ್ನು ಹೊಸದಾಗಿ ತಂದಿತು. ಹೊರದೇಶದ ಕಥೆಗಳಿಗೆ ಮರ, ಕಲ್ಲು, ಕುದುರೆ ಬಿಡಿಸಿಕೊಡುವುದರಲ್ಲಿ ನಮ್ಮವರ ಕೈ ಪಳಗಿದೆ. ಕನ್ನಡದ ಕಥೆಯ ಆಟ ಎಂದ ಕೂಡಲೇ ಹೊಯ್ಸಳರ ಕಂಬ, ಹಂಪಿಯ ರಥ, ಕೈಯಲ್ಲೊಂದು ಕತ್ತಿ ಕೊಟ್ಟುಬಿಟ್ಟರೆ ಮುಗಿಯಿತು ಎಂದು ಅವರು ಭಾವಿಸಬಾರದು. ಹೊಸಹೊಳಲಿನ ಗೋಡೆಯ ಚಿತ್ರವನ್ನು ಎತ್ತಿ ಹಿನ್ನೆಲೆಗೆ ಅಂಟಿಸುವುದು ಸುಲಭ. ನಮ್ಮಲ್ಲಿ ಇರುವ ದೊಡ್ಡ ಆಸ್ತಿ ಬೇರೆ. ಕೊನೆ ಗೊತ್ತಿರುವ ಕಥೆಯೊಳಗೆ ಒಬ್ಬ ಮನುಷ್ಯನಿಗೆ ಎಷ್ಟು ಜಾಗ ಬಿಡಬಹುದು ಎಂಬ ವಿದ್ಯೆ. ಆ ವಿದ್ಯೆ ಬಲ್ಲವರು ಇವತ್ತೂ ಕರಾವಳಿಯಲ್ಲಿ ಅರ್ಥ ಹೇಳುತ್ತಿದ್ದಾರೆ, ಮಂಡ್ಯದ ಹಳ್ಳಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಾ ಪಾತ್ರ ಕಲಿಸುತ್ತಿದ್ದಾರೆ. ಕನ್ನಡದಲ್ಲಿ ಆಟ ಕಟ್ಟಲು ಹೊರಟವರು ಮೊದಲು ಒಬ್ಬ ಅರ್ಥಧಾರಿಯನ್ನು ಕರೆಸಿ ಜೊತೆಗೆ ಕೂರಿಸಿಕೊಳ್ಳಲಿ. ವಾಲಿಯಾಗಿ ಅವರು ಕೇಳುವ ಪ್ರಶ್ನೆಗಳಿಗೆ ರಾಮನ ಜಾಗದಲ್ಲಿ ಕೂತ ಆಟಗಾರ ಉತ್ತರ ಹುಡುಕಬೇಕಾಗಿ ಬಂದರೆ, ಬಾಣ ಬಿಟ್ಟಾಗಿದೆ ಎಂದು ಗೊತ್ತಿದ್ದರೂ ಅವನ ಕೈ ನಡುಗುತ್ತದೆ.

ಮನೆಯಲ್ಲಿ ಇಂಥ ಆಟ ಆಡುವ ಮಕ್ಕಳಿರುವ ಹಿರಿಯರಲ್ಲಿ ಒಂದು ವಿನಂತಿ. ಆಟ ಮುಗಿಸಿ ಎದ್ದವರನ್ನು ಗೆದ್ದೆಯಾ ಎಂದು ಕೇಳಬೇಡಿ. ಎಲ್ಲಿ ಏನು ಆರಿಸಿಕೊಂಡೆ, ಯಾಕೆ ಆರಿಸಿಕೊಂಡೆ ಎಂದು ಕೇಳಿ, ಅವರು ಹೇಳುವಷ್ಟು ಹೊತ್ತು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.